ಸಮರಕ್ರೀಡೆಯಲ್ಲಿ ದಳಪತಿಯ ಕೆಲಸ: ಬಹುಜನ ಯುದ್ಧದಾಟಗಳಲ್ಲಿ ನಾಯಕತ್ವ ಮತ್ತು ಸಮನ್ವಯ

ಅಂತರ್ಜಾಲದ ಮೂಲಕ ಹಲವರು ಏಕಕಾಲಕ್ಕೆ ಆಡುವ ಯುದ್ಧದ ವಿಡಿಯೊ ಆಟಗಳನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯ ಬಗೆಯಲ್ಲಿ ಕೈ ಮತ್ತು ಕಣ್ಣು ಚುರುಕಾಗಿರುವ ಒಬ್ಬನೇ ಆಟಗಾರ ಪಂದ್ಯದ ಗತಿಯನ್ನು ಬದಲಿಸಬಲ್ಲ. ಎರಡನೆಯದರಲ್ಲಿ ಅಂಥವನು ಇಪ್ಪತ್ತು ಎದುರಾಳಿಗಳನ್ನು ಕೆಡವಿದರೂ ಅವನ ಪಕ್ಷ ನಿರಾಯಾಸವಾಗಿ ಸೋಲಬಹುದು. ಈ ಲೇಖನ ಎರಡನೆಯ ಬಗೆಯನ್ನು ಕುರಿತದ್ದು. ಇಂಥ ಆಟಗಳಲ್ಲಿ ಸೋಲುವ ಪಕ್ಷಗಳು ಬಹುಪಾಲು ಗುರಿ ತಪ್ಪಿದ್ದರಿಂದ ಸೋಲುವುದಿಲ್ಲ. ಸತ್ತವರು ಮರಳಿ ರಣರಂಗಕ್ಕೆ ಬರುವ ದಾರಿಯನ್ನು ಯಾರೂ ಕಟ್ಟಿರದ ಕಾರಣ ಸೋಲುತ್ತವೆ ಎಂಬುದು ವರ್ಷಗಳ ಆಟದಿಂದ ನನ್ನಲ್ಲಿ ಗಟ್ಟಿಯಾಗಿರುವ ಅಭಿಪ್ರಾಯ.

ತಂಡದೊಳಗೆ ಅಧಿಕಾರದ ಶ್ರೇಣಿಯನ್ನು ಆಟದ ನಿಯಮವಾಗಿಯೇ ತಂದು ಜನಪ್ರಿಯಗೊಳಿಸಿದ ಕೃತಿಗಳಲ್ಲಿ ಸ್ವೀಡನ್ನಿನ ಡೈಸ್ ಸಂಸ್ಥೆ 2005ರಲ್ಲಿ ಹೊರತಂದ ‘ಬ್ಯಾಟಲ್‌ಫೀಲ್ಡ್ 2’ ಮುಖ್ಯವಾದುದು. ಅದರಲ್ಲಿ 64 ಮಂದಿ ಎರಡು ಪಕ್ಷಗಳಾಗಿ ಆಡುತ್ತಿದ್ದರು. ಪ್ರತಿ ಪಕ್ಷಕ್ಕೆ ಒಬ್ಬ ಕಮಾಂಡರ್, ಅವನ ಕೆಳಗೆ ಆರು ಮಂದಿಯವರೆಗಿನ ದಳಗಳು. ದಳದವರು ತಮ್ಮ ನಾಯಕನೊಡನೆ, ನಾಯಕರು ಕಮಾಂಡರ್‌ನೊಡನೆ ಧ್ವನಿಯ ಮೂಲಕ ಮಾತನಾಡುವ ಸೌಲಭ್ಯ ಆಟದೊಳಗೇ ಇತ್ತು. 2011ರ ‘ಬ್ಯಾಟಲ್‌ಫೀಲ್ಡ್ 3’ರಲ್ಲಿ ಕಮಾಂಡರ್ ಹುದ್ದೆಯನ್ನು ಕೈಬಿಟ್ಟರು, ದಳವನ್ನು ನಾಲ್ವರಿಗೆ ಇಳಿಸಿದರು. ಆ ಹೊತ್ತಿಗೆ ‘ಬ್ಯಾಟಲ್‌ಫೀಲ್ಡ್ 2’ರ ಮೇಲೆ ಅಭಿಮಾನಿಗಳೇ ಕಟ್ಟಿದ್ದ ‘ಪ್ರಾಜೆಕ್ಟ್ ರಿಯಾಲಿಟಿ’ ಎಂಬ ಮಾರ್ಪಾಡು ತಂಡದ ಶಿಸ್ತನ್ನೇ ಆಟದ ಜೀವಾಳವಾಗಿಸಿಕೊಂಡಿತ್ತು. ಆ ಪರಂಪರೆಯಿಂದ ಕೆನಡಾದ ಆಫ್‌ವರ್ಲ್ಡ್ ಇಂಡಸ್ಟ್ರೀಸ್ ಸಂಸ್ಥೆಯ ‘ಸ್ಕ್ವಾಡ್’ ಹುಟ್ಟಿತು. ಆಸ್ಟ್ರೇಲಿಯದ ಬ್ಲ್ಯಾಕ್ ಮ್ಯಾಟರ್ ಸಂಸ್ಥೆ ರೂಪಿಸಿ 2021ರಲ್ಲಿ ಪೂರ್ಣರೂಪದಲ್ಲಿ ಬಿಡುಗಡೆಯಾದ ‘ಹೆಲ್ ಲೆಟ್ ಲೂಸ್’ ಅದೇ ಮನೋಧರ್ಮದ ಇನ್ನೊಂದು ಆಟ. ನನ್ನ ಉದಾಹರಣೆಗಳು ಹೆಚ್ಚಾಗಿ ಇದರಿಂದಲೇ ಬರುತ್ತವೆ.

‘ಹೆಲ್ ಲೆಟ್ ಲೂಸ್’ ಎರಡನೆಯ ಮಹಾಯುದ್ಧದ ರಣರಂಗಗಳನ್ನು ಆಧರಿಸಿದೆ. ಒಂದೊಂದು ಪಕ್ಷದಲ್ಲಿ 50 ಮಂದಿ: ಒಬ್ಬ ಕಮಾಂಡರ್, ಆರು ಮಂದಿಯ ಪದಾತಿ ದಳಗಳು, ಮೂವರು ನಡೆಸುವ ಟ್ಯಾಂಕುಗಳು, ಇಬ್ಬರ ಗೂಢಚಾರ ತಂಡಗಳು. ‘ವಾರ್‌ಫೇರ್’ ಎಂಬ ಮಾದರಿಯಲ್ಲಿ ಐದು ನೆಲೆಗಳಿಗಾಗಿ 90 ನಿಮಿಷಗಳ ಹೋರಾಟ ನಡೆಯುತ್ತದೆ. ಐದನ್ನೂ ಹಿಡಿದವರು ತಕ್ಷಣ ಗೆಲ್ಲುತ್ತಾರೆ, ಇಲ್ಲವಾದರೆ ಕಾಲ ಮುಗಿದಾಗ ಹೆಚ್ಚು ನೆಲೆ ಉಳ್ಳವರು. ಪರದೆಯ ಮೇಲೆ ಗುರಿಯ ಗುರುತಿಲ್ಲ, ಎಷ್ಟು ಗುಂಡು ಉಳಿದಿವೆ ಎಂಬ ಲೆಕ್ಕವಿಲ್ಲ, ಯಾರು ಯಾರನ್ನು ಕೊಂದರು ಎಂಬ ಪ್ರಕಟಣೆಯಿಲ್ಲ. ತನ್ನವರ ಗುಂಡೂ ಕೊಲ್ಲುತ್ತದೆ. ಆಟ ತಾನಾಗಿ ಹೇಳದ ಇಷ್ಟೆಲ್ಲವನ್ನೂ ಮನುಷ್ಯರು ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕು.

ಸತ್ತವನಿಗೆ ಮರಳಿ ಬರಲು ಮುಖ್ಯವಾಗಿ ಮೂರು ದಾರಿಗಳಿವೆ. ಹಿಂಬದಿಯ ಮುಖ್ಯ ನೆಲೆ ಸದಾ ತೆರೆದಿರುತ್ತದೆ, ಆದರೆ ಅಲ್ಲಿಂದ ಮುಂಚೂಣಿಗೆ ಹಲವು ನಿಮಿಷಗಳ ಓಟ. ದಳದ ನಾಯಕ ನೆಡುವ ಔಟ್‌ಪೋಸ್ಟ್ ಆ ದಳಕ್ಕೆ ಮಾತ್ರ ಸಲ್ಲುತ್ತದೆ. ಇಡೀ ಪಕ್ಷಕ್ಕೆ ಸಲ್ಲುವುದು ಗ್ಯಾರಿಸನ್. ಅದನ್ನು ಕಟ್ಟಲು 50 ಘಟಕ ಸರಕು ಬೇಕು. ಒಂದು ಗ್ಯಾರಿಸನ್ನಿನಿಂದ ಇನ್ನೊಂದಕ್ಕೆ ಕನಿಷ್ಠ 200 ಮೀಟರ್ ಅಂತರವಿರಬೇಕು. ಒಂದು ಪಕ್ಷಕ್ಕೆ ಒಟ್ಟು ಎಂಟು ಮಾತ್ರ. ಶತ್ರು ತೀರ ಸಮೀಪಿಸಿದರೆ ಅದು ಮುಚ್ಚಿಹೋಗುತ್ತದೆ. ಸಾಮಾನ್ಯ ಸೈನಿಕ ಇದನ್ನು ಕಟ್ಟಲಾರ, ನಾಯಕನೇ ಕಟ್ಟಬೇಕು. ಆದರೆ ನಾಯಕನ ಬಳಿ ಸರಕಿರುವುದಿಲ್ಲ, ಅದು ಬಹುಮಟ್ಟಿಗೆ ‘ಸಪೋರ್ಟ್’ ಪಾತ್ರದವನ ಬೆನ್ನಿನ ಮೇಲಿರುತ್ತದೆ. ಇಬ್ಬರೂ ಹೊಂದಿಕೊಂಡು ಕೆಲಸ ಮಾಡದಿದ್ದರೆ ಗ್ಯಾರಿಸನ್ ಕಟ್ಟುವುದು ಕಷ್ಟ. ಈ ಜಾಣತನ ‘ಸ್ಕ್ವಾಡ್’ನಲ್ಲೂ ಇದೆ: ಮುಂಚೂಣಿ ನೆಲೆಯ ರೇಡಿಯೊವನ್ನು ಇಡಲು ನಾಯಕನ ಸುತ್ತ ಜತೆಗಾರರು ಇರಲೇಬೇಕು.

ಇದರಿಂದ ನಾಯಕನ ಕೆಲಸ ಏನೆಂಬುದು ಸ್ಪಷ್ಟವಾಗುತ್ತದೆ. ಒಳ್ಳೆಯ ದಳಪತಿ ಪಂದ್ಯದ ಬಹುಭಾಗವನ್ನು ನಕ್ಷೆ ನೋಡುವುದರಲ್ಲಿ ಕಳೆಯುತ್ತಾನೆ. ಈಗ ಕಾದಾಡುತ್ತಿರುವ ನೆಲೆ ಹೋದರೆ ಮುಂದಿನದಕ್ಕೆ ಗ್ಯಾರಿಸನ್ ಇದೆಯೇ ಎಂದು ಗೆಲ್ಲುತ್ತಿರುವಾಗಲೇ ಯೋಚಿಸುತ್ತಾನೆ. ಹೊಸಬರು ನಾಯಕತ್ವ ವಹಿಸಿಕೊಂಡಾಗ ಮೊದಲು ಮರೆಯುವುದು ಈ ಹಿಂದಿನ ಸಾಲನ್ನು. ಮುಂದಿನ ನೆಲೆಯನ್ನು ಹಿಡಿಯುವ ಉತ್ಸಾಹದಲ್ಲಿ ಆರಕ್ಕೆ ಆರು ಮಂದಿಯೂ ಮುನ್ನುಗ್ಗುತ್ತಾರೆ, ಬಿಟ್ಟು ಬಂದ ಊರು ಐದೇ ನಿಮಿಷದಲ್ಲಿ ಶತ್ರುವಿನ ಪಾಲಾಗುತ್ತದೆ. ಇಬ್ಬರನ್ನು ಹಿಂದೆ ಕಾವಲಿಗೆ ಕಳುಹಿಸುವುದು ಯಾರಿಗೂ ಪ್ರಿಯವಲ್ಲದ ಆದೇಶ. ಅದನ್ನು ಸರದಿಯ ಮೇಲೆ ಹಂಚಿ, ಕಾವಲಿಗೆ ಹೋದವರನ್ನು ಎಲ್ಲರಿಗೂ ಕೇಳುವಂತೆ ಹೆಸರಿಟ್ಟು ವಂದಿಸುವ ನಾಯಕರನ್ನು ನಾನು ಕಂಡಿದ್ದೇನೆ. ಅಂಥವರ ದಳವನ್ನು ಅಪರಿಚಿತರೂ ಬಿಟ್ಟು ಹೋಗುವುದಿಲ್ಲ.

ಇನ್ನು ಮಾತಿನ ವಿಷಯ. ಆರು ಮಂದಿ ಪರಸ್ಪರ ಮಾತನಾಡಿದರೆ ಹದಿನೈದು ಜೋಡಿಗಳಾಗುತ್ತವೆ. ಐವತ್ತು ಮಂದಿ ಮಾತನಾಡಿದರೆ 1225. ಆದ್ದರಿಂದಲೇ ಆಟ ಧ್ವನಿಯನ್ನು ಮೂರಾಗಿ ಒಡೆದಿದೆ: ಹತ್ತಿರದಲ್ಲಿರುವ ಎಲ್ಲರಿಗೂ ಕೇಳುವುದು, ದಳದೊಳಗಿನದು, ನಾಯಕರು ಮತ್ತು ಕಮಾಂಡರ್ ನಡುವಿನದು. ನಾಯಕನ ಕಿವಿಗೆ ಮೂರೂ ಒಟ್ಟಿಗೆ ಬೀಳುತ್ತವೆ. ಮೇಲಿನಿಂದ ಬಂದ ಹತ್ತು ಮಾತಿನಲ್ಲಿ ತನ್ನ ದಳಕ್ಕೆ ಬೇಕಾದ ಒಂದನ್ನು ಆರಿಸಿ ಕೆಳಗೆ ದಾಟಿಸುವುದು, ಕೆಳಗಿನ ಕೂಗಾಟದಿಂದ ಒಂದು ಸುದ್ದಿಯನ್ನು ಹೆಕ್ಕಿ ಮೇಲಕ್ಕೆ ಕಳುಹಿಸುವುದು ಅವನ ಎರಡನೆಯ ಕೆಲಸ. ಜೋಕುಗಳಿಗೆ ಹತ್ತಿರದವರ ವಾಹಿನಿ ಇದೆ. ನಾಯಕರ ವಾಹಿನಿಯಲ್ಲಿ ಹರಟೆ ಶುರುವಾದರೆ ಆ ಪಕ್ಷದ ಅರ್ಧ ಬಲ ಹೋಯಿತೆಂದೇ ತಿಳಿಯಬೇಕು.

ಸುದ್ದಿ ಹೇಳುವ ಕ್ರಮವನ್ನು ಸೇನೆಗಳಿಂದ ಕಲಿಯಬಹುದು: ದಿಕ್ಕು, ದೂರ, ಏನು. ಪರದೆಯ ದಿಕ್ಸೂಚಿಯಲ್ಲಿ ಉತ್ತರ ಸೊನ್ನೆ, ಪೂರ್ವ 90, ದಕ್ಷಿಣ 180, ಪಶ್ಚಿಮ 270. ನಕ್ಷೆಯಲ್ಲಿ ಅಕ್ಷರ ಮತ್ತು ಅಂಕಿಯಿಂದ ಹೆಸರಿಸಿದ ಚೌಕಗಳಿವೆ. ಇಲ್ಲಿ ಕನ್ನಡದಲ್ಲಿ ಆಡುವವರಿಗೆ ಕೆಲವು ವಿಶೇಷ ತೊಡಕುಗಳು ಎದುರಾಗುತ್ತವೆ. ಕನ್ನಡಿಗರೇ ತುಂಬಿದ ದಳಗಳಲ್ಲಿ ಆಡುತ್ತ ನಾನು ಇವನ್ನು ಗಮನಿಸಿದ್ದೇನೆ. ಮೊದಲನೆಯದು ‘ಅಲ್ಲಿ’. ‘ಅಲ್ಲಿದ್ದಾನೆ, ಆ ಮರದ ಹತ್ತಿರ, ಅಕೋ!’ ಎಂಬ ಕೂಗು ಪಕ್ಕದಲ್ಲಿ ನಿಂತು ಬೆರಳು ತೋರುವವನ ಭಾಷೆ. ಶಿರಶ್ರವಣದಲ್ಲಿ ಅದಕ್ಕೆ ಬೆರಳಿಲ್ಲ. ‘ಎಡಕ್ಕೆ’ ಎಂಬುದೂ ಹಾಗೆಯೇ, ಯಾರ ಎಡ?

ಎರಡನೆಯದು ಸಂಖ್ಯೆಗಳು. ‘ಇನ್ನೂರು’ ಮತ್ತು ‘ಮುನ್ನೂರು’, ‘ಮೂರು’ ಮತ್ತು ‘ನೂರು’ ಫಿರಂಗಿಯ ಸದ್ದಿನಲ್ಲಿ ಒಂದೇ ಆಗಿ ಕೇಳುತ್ತವೆ. ‘ಏಳು’ ಎಂದರೆ ಸಂಖ್ಯೆಯೋ, ಮೇಲೇಳಬೇಕೆಂಬ ಅಪ್ಪಣೆಯೋ ತಿಳಿಯದೆ ಎದ್ದು ನಿಂತು ಸತ್ತ ಗೆಳೆಯನೊಬ್ಬನನ್ನು ನಾವು ಇಂದಿಗೂ ರೇಗಿಸುತ್ತೇವೆ. ಅಂಕಿಗಳನ್ನು ಬಿಡಿಬಿಡಿಯಾಗಿ, ‘ಎರಡು, ಒಂದು, ಸೊನ್ನೆ’ ಎಂದು ಹೇಳುವುದೇ ಇದಕ್ಕೆ ಪರಿಹಾರ; ರೇಡಿಯೊ ಬಳಸುವ ವೃತ್ತಿಗಳಲ್ಲಿ ಇದು ಹಳೆಯ ರೂಢಿ.

ಮೂರನೆಯದು ಹೆಚ್ಚು ಗಂಭೀರವಾದದ್ದು. ಕನ್ನಡದಲ್ಲಿ ನಿಷೇಧ ವಾಕ್ಯದ ಕೊನೆಯಲ್ಲಿ ಬರುತ್ತದೆ. ‘ಆ ಸೇತುವೆಯನ್ನು ದಾಟಬೇಡಿ’ ಎಂಬ ಮಾತಿನ ಕೊನೆಯ ಭಾಗವನ್ನು ಒಂದು ಸ್ಫೋಟ ನುಂಗಿತೆಂದರೆ ಉಳಿಯುವುದು ‘ಆ ಸೇತುವೆಯನ್ನು ದಾಟ…’ ಮಾತ್ರ. ಇಂಗ್ಲಿಷಿನ ನಿಷೇಧ ವಾಕ್ಯದ ಆರಂಭದಲ್ಲೇ ಬರುವುದರಿಂದ ಅಲ್ಲಿ ಈ ಅಪಾಯ ಕಡಿಮೆ. ಕನ್ನಡದಲ್ಲಿ ಆದೇಶ ನೀಡುವವರು ‘ನಿಲ್ಲಿ, ಸೇತುವೆಯ ಈಚೆಗೇ ನಿಲ್ಲಿ’ ಎಂದು ವಿಧಿರೂಪದಲ್ಲಿ ಹೇಳುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಕೇಳಿದವರು ಅದನ್ನು ಚಿಕ್ಕದಾಗಿ ಮರುನುಡಿಯಲಿ. ವಿಮಾನ ಚಾಲಕರು ನಿಯಂತ್ರಣ ಗೋಪುರದ ಸೂಚನೆಯನ್ನು ಮರುನುಡಿಯುವುದೂ ಇದೇ ಕಾರಣಕ್ಕೆ.

ಆದೇಶದ ಸ್ವರೂಪದ ಬಗ್ಗೆಯೂ ಒಂದು ಮಾತು. ಹತ್ತೊಂಬತ್ತನೆಯ ಶತಮಾನದ ಪ್ರಷ್ಯದ ಸೇನೆಯಲ್ಲಿ ಬೆಳೆದು ಜರ್ಮನ್ನಿನಲ್ಲಿ ‘ಔಫ್‌ಟ್ರಾಗ್ಸ್‌ಟಾಕ್ಟಿಕ್’ ಎಂದು ಹೆಸರಾದ ಪದ್ಧತಿಯೊಂದಿದೆ: ಮೇಲಿನವನು ಉದ್ದೇಶವನ್ನು ತಿಳಿಸುತ್ತಾನೆ, ಅದನ್ನು ಸಾಧಿಸುವ ಬಗೆಯನ್ನು ಸ್ಥಳದಲ್ಲಿರುವವನಿಗೆ ಬಿಡುತ್ತಾನೆ. ಒಬ್ಬೊಬ್ಬರ ಹೆಜ್ಜೆಯನ್ನೂ ನಿರ್ದೇಶಿಸುವ ನಾಯಕ ಸತ್ತು ಬಿದ್ದಾಗ ಅವನ ದಳ ಕೈಕಟ್ಟಿ ನಿಲ್ಲುತ್ತದೆ. ‘ಇಗರ್ಜಿಯ ಪಶ್ಚಿಮದ ಬೇಲಿಸಾಲನ್ನು ಹತ್ತು ನಿಮಿಷ ಹಿಡಿದಿಡೋಣ, ಅಷ್ಟರಲ್ಲಿ ಎರಡನೆಯ ದಳ ಹಿಂದೆ ಗ್ಯಾರಿಸನ್ ಕಟ್ಟುತ್ತದೆ’ ಎಂದು ಕಾರಣಸಹಿತ ಹೇಳಿದ ನಾಯಕ ಸತ್ತರೂ ಉಳಿದವರಿಗೆ ತಾವು ಅಲ್ಲಿ ಏಕಿದ್ದೇವೆಂಬುದು ಗೊತ್ತಿರುತ್ತದೆ. ನಾರ್ಮಂಡಿಯ ಸೇಂತ್ ಮಾರಿ ದ್ಯು ಮಾಂ ಊರಿನ ನಕ್ಷೆಯಲ್ಲಿ ಇಂಥ ಹತ್ತು ನಿಮಿಷಗಳು ಪಂದ್ಯವನ್ನೇ ನಿರ್ಧರಿಸುವುದುಂಟು.

ಬೇರೆ ಬೇರೆ ದೇಶಗಳಲ್ಲಿ ನೆಲೆಸಿದ ಗೆಳೆಯರು ಕೂಡಿ ಆಡುವಾಗ ಭೂಗೋಳವೂ ಒಂದು ಪಾತ್ರಧಾರಿ. ಬೇಸಿಗೆಯಲ್ಲಿ ಲಂಡನ್ನಿನ ರಾತ್ರಿ ಎಂಟು ಗಂಟೆಯೆಂದರೆ ನ್ಯೂಯಾರ್ಕಿನಲ್ಲಿ ಮಧ್ಯಾಹ್ನ ಮೂರು, ಬೆಂಗಳೂರಿನಲ್ಲಿ ನಡುರಾತ್ರಿ ಹನ್ನೆರಡೂವರೆ. ಗಂಟೆಯನ್ನು ಹೊಂದಿಸಿಕೊಂಡರೂ ಸರ್ವರ್ ಯಾರದೋ ಒಬ್ಬರ ಖಂಡದಲ್ಲಿರುತ್ತದೆ. ದೂರದವರ ಪ್ರತಿಯೊಂದು ಚಲನೆಯೂ ಕ್ಷಣದ ಒಂದು ಅಂಶದಷ್ಟು ತಡವಾಗಿ ತಲುಪುತ್ತದೆ. ಎದುರಾಬದುರಾ ಕಾಳಗದಲ್ಲಿ ಆ ತಡ ಪ್ರಾಣಾಂತಿಕ. ದೂರದ ಗೆಳೆಯನಿಗೆ ಬಂದೂಕು ಕೊಟ್ಟು ಮುಂದೆ ಕಳುಹಿಸಿ ಬೈಯುವುದಕ್ಕಿಂತ, ತಡ ಅಷ್ಟಾಗಿ ಬಾಧಿಸದ ಕೆಲಸಗಳನ್ನು ಅವನಿಗೆ ವಹಿಸುವುದು ವಿವೇಕ. ಸಂಪನ್ಮೂಲ ಉತ್ಪಾದಿಸುವ ಘಟಕಗಳನ್ನು ಕಟ್ಟುವ ಎಂಜಿನಿಯರ್, ಸರಕು ಸಾಗಿಸುವವನು, ಸ್ವತಃ ಕಮಾಂಡರ್: ಇವರೆಲ್ಲರೂ ನಿಧಾನದಲ್ಲಿ ಆಲೋಚಿಸಬೇಕಾದವರು. ನಮ್ಮ ಗುಂಪಿನ ಅತ್ಯುತ್ತಮ ಕಮಾಂಡರ್‌ಗೆ ಸರ್ವರ್ ಎಂದೂ ಹತ್ತಿರವಿದ್ದಿಲ್ಲ.

ಆರರ ದಳದಲ್ಲಿ ನಾಲ್ವರು ಕನ್ನಡಿಗರು, ಇಬ್ಬರು ಅನ್ಯಭಾಷಿಕರು ಇದ್ದಾಗ ದಳದ ವಾಹಿನಿ ಯಾವ ಭಾಷೆಯಲ್ಲಿರಬೇಕು? ನನ್ನ ಉತ್ತರ ಖಚಿತ: ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ. ತಾಯ್ನುಡಿಯಲ್ಲಿ ಮಾತಾಡುವ ಸುಖ ಪರದೇಶದಲ್ಲಿ ಸಣ್ಣದಲ್ಲ. ವಾರವಿಡೀ ಕನ್ನಡವಾಡದ ಹುಡುಗರು ಕನ್ನಡ ಬಳಸುವ ಒಂದೇ ಹೊತ್ತು ಈ ಆಟವಾಗಿರುವ ಮನೆಗಳೂ ನನಗೆ ಗೊತ್ತು. ಆದರೆ ತನಗೆ ಅರ್ಥವಾಗದ ಎಚ್ಚರಿಕೆಯ ಕೂಗಿನ ನಡುವೆ ಸತ್ತವನು ಎರಡನೆಯ ಸಲ ಆ ದಳಕ್ಕೆ ಬರಲಾರ. ದಳವನ್ನು ಕನ್ನಡಿಗರಿಂದಲೇ ತುಂಬಿಸಿ ಕನ್ನಡದಲ್ಲಿ ಆಡಲಿ, ಇಲ್ಲವೇ ಬಂದವರನ್ನು ಒಳಗೊಳ್ಳಲಿ. ಹೆಣ್ಣುಮಕ್ಕಳ ದನಿ ಕೇಳಿದೊಡನೆ ಹಗುರವಾಗಿ ಮಾತನಾಡುವವರನ್ನು ಮೊದಲ ಮಾತಿಗೇ ತಡೆಯಬೇಕಾದವನೂ ನಾಯಕನೇ. ಎರಡನೆಯ ಮಾತಿನವರೆಗೆ ಕಾದರೆ ಆಕೆ ಮೈಕನ್ನು ಆರಿಸಿಬಿಡುತ್ತಾಳೆ, ದಳ ಒಂದು ಜೊತೆ ಕಣ್ಣುಗಳನ್ನು ಕಳೆದುಕೊಳ್ಳುತ್ತದೆ.

ಪಂದ್ಯ ಮುಗಿದ ಮೇಲೆ ಐದು ನಿಮಿಷ ಕೂತು ಮಾತನಾಡುವ ಗುಂಪುಗಳು ಬೇಗ ಸುಧಾರಿಸುತ್ತವೆ. ಅಮೆರಿಕದ ಸೇನೆ 1970ರ ದಶಕದಿಂದ ಬೆಳೆಸಿಕೊಂಡು ಬಂದ ಕಾರ್ಯೋತ್ತರ ವಿಮರ್ಶೆಯ ಪ್ರಶ್ನೆಗಳು ಇಲ್ಲಿಗೂ ಸಾಕು: ಏನಾಗಬೇಕಿತ್ತು, ಏನಾಯಿತು, ಏಕೆ, ಮುಂದೆ ಏನು ಮಾಡೋಣ. ನಾಯಕ ಕೊನೆಯಲ್ಲಿ ಮಾತನಾಡಿದರೆ ಉಳಿದವರು ಬಾಯಿ ತೆರೆಯುತ್ತಾರೆ.

ನಾಯಕ ಪಂದ್ಯದ ನಡುವೆಯೇ ಎದ್ದು ಹೋಗುವುದು ಈ ಆಟಗಳ ನಿತ್ಯದ ಸಂಗತಿ. ಆಗ ಹೊಣೆ ಉಳಿದವರಲ್ಲಿ ಯಾರೋ ಒಬ್ಬರ ಹೆಗಲಿಗೆ ಬೀಳುತ್ತದೆ, ಬಹುಮಟ್ಟಿಗೆ ಅದನ್ನು ಬಯಸದವರ ಹೆಗಲಿಗೆ. ಹಾಗೆ ಸಿಕ್ಕಿಕೊಂಡವರು ಭಾಷಣ ಮಾಡಬೇಕಿಲ್ಲ. ನಕ್ಷೆ ತೆರೆದು ತಮ್ಮ ದಳದವರು ಎಲ್ಲೆಲ್ಲಿದ್ದಾರೆಂದು ನೋಡಲಿ. ಇದ್ದವರಲ್ಲಿ ಮೂವರಿಗೆ ಹತ್ತಿರವಾದ, ಮರೆಯುಳ್ಳ ಜಾಗದಲ್ಲಿ ಔಟ್‌ಪೋಸ್ಟ್ ನೆಡಲಿ. ‘ಸಪೋರ್ಟ್ ಯಾರು, ಸರಕು ಇದೆಯೇ?’ ಎಂದು ಕೇಳಲಿ. ಅನಂತರ ನಾಯಕರ ವಾಹಿನಿಯಲ್ಲಿ ತಮ್ಮ ದಳದ ಹೆಸರು, ಚೌಕದ ಗುರುತು, ಉಳಿದಿರುವ ಮಂದಿಯ ಸಂಖ್ಯೆ, ಈ ಮೂರನ್ನು ಹೇಳಿ ಕಮಾಂಡರ್‌ನ ಉತ್ತರಕ್ಕೆ ಕಾಯಲಿ.