ಹಳೆಯ ಪೆಟ್ಟಿಗೆ, ಹೊಸ ಗಣಕ



ನಮ್ಮ ಕಾರವಾರ, ಅಂಕೋಲೆಗಳ ಕಡೆ ಮೇಜಿನ ಕೆಳಗಿರುವ ಗಣಕಯಂತ್ರದ ಪೆಟ್ಟಿಗೆಗೆ ‘ಸಿಪಿಯು’ ಎನ್ನುವುದು ರೂಢಿ. ವಾಸ್ತವದಲ್ಲಿ ಸಿಪಿಯು ಎಂಬುದು ಆ ಪೆಟ್ಟಿಗೆಯೊಳಗೆ ಅಡಗಿರುವ, ಬೆಂಕಿಪೊಟ್ಟಣಕ್ಕಿಂತಲೂ ಚಿಕ್ಕದಾದ ಒಂದು ಬಿಲ್ಲೆ. ಪೆಟ್ಟಿಗೆಯಾದರೋ ಬರಿಯ ತಗಡಿನ ಗೂಡು. ಅಂಗಡಿಯವರ ಮಾತಿನಲ್ಲಿ ‘ಕ್ಯಾಬಿನೆಟ್’. ಹೆಸರಿನ ಈ ಗೊಂದಲದಿಂದ ಒಂದು ನಷ್ಟವೂ ಉಂಟಾಗಿದೆ. ಒಳಗಿನ ಯಂತ್ರ ಹಳತಾದೊಡನೆ ಗೂಡೂ ಹಳತಾಯಿತೆಂದು ಭಾವಿಸಿ ಎರಡನ್ನೂ ಒಟ್ಟಿಗೆ ಗುಜರಿಗೆ ಹಾಕುತ್ತೇವೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದ ಮೇಲೆ ಈ ಪ್ರಶ್ನೆ ಅನೇಕರ ಮನೆಯ ಪ್ರಶ್ನೆಯಾಗಿದೆ. ಹಳೆಯ ಪೆಟ್ಟಿಗೆಯಲ್ಲಿ ಹೊಸ ಯಂತ್ರವನ್ನು ಕೂಡಿಸಲು ಸಾಧ್ಯವೇ? ಈ ಪ್ರಶ್ನೆಗೆ ಉತ್ತರವು ಆ ಪೆಟ್ಟಿಗೆಯ ಚರಿತ್ರೆಯಲ್ಲಿದೆ.

ಆರಂಭದ ಗಣಕಗಳಲ್ಲಿ ಪೆಟ್ಟಿಗೆಗೂ ಯಂತ್ರಕ್ಕೂ ಉಗುರು-ಮಾಂಸದ ಸಂಬಂಧವಿತ್ತು. ಭಾರತ ಸರ್ಕಾರವು 1984ರಲ್ಲಿ ಆರಂಭಿಸಿದ ‘ಕ್ಲಾಸ್’ ಯೋಜನೆಯ ಮೂಲಕ ನಮ್ಮ ದೇಶದ ಕೆಲವು ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋ ಗಣಕವನ್ನೇ ನೋಡಿ. ಕೀಲಿಮಣೆಯೂ ಯಂತ್ರವೂ ಒಂದೇ ಒಡಲು. ಅದರಲ್ಲಿ ಬೇರೊಂದು ಯಂತ್ರವನ್ನು ಕೂಡಿಸುವ ಕಲ್ಪನೆಯೇ ಯಾರಿಗೂ ಇರಲಿಲ್ಲ.

ಬೇರೆ ದಾರಿಯೊಂದು ಅದಕ್ಕೂ ಮೊದಲೇ ಅಮೆರಿಕೆಯಲ್ಲಿ ತೆರೆದುಕೊಂಡಿತ್ತು. 1981ರ ಆಗಸ್ಟ್ 12ರಂದು ಐಬಿಎಂ ಸಂಸ್ಥೆಯು ಪ್ರಕಟಿಸಿದ ‘ಪಿಸಿ’ಯಲ್ಲಿ ಹೆಚ್ಚುವರಿ ಕಾರ್ಡುಗಳನ್ನು ಕೂಡಿಸಲು ಐದು ಸ್ಲಾಟುಗಳಿದ್ದವು. ಎರಡು ವರ್ಷಗಳ ನಂತರ ಬಂದ ‘ಎಕ್ಸ್‌ಟಿ’ ಮಾದರಿಯಲ್ಲಿ ಎಂಟು ಸ್ಲಾಟುಗಳನ್ನು ಹಿಡಿಸುವ ಸಲುವಾಗಿ ಅವುಗಳ ನಡುವಣ ಅಂತರವನ್ನು 0.8 ಇಂಚಿಗೆ ಇಳಿಸಲಾಯಿತು. ಈ 0.8 ಇಂಚಿನ ಆಯುಷ್ಯವನ್ನು ಗಮನಿಸಿ. ಕಾರ್ಡುಗಳು ಐಎಸ್‌ಎಯಿಂದ ಪಿಸಿಐಗೆ, ಪಿಸಿಐಯಿಂದ ಪಿಸಿಐ ಎಕ್ಸ್‌ಪ್ರೆಸ್‌ಗೆ ಬದಲಾದವು. ಅವುಗಳ ವೇಗ ಊಹೆಗೂ ಮೀರಿ ಬೆಳೆಯಿತು. ಪೆಟ್ಟಿಗೆಯ ಹಿಂಬದಿಯ ಆ ಕಿಂಡಿಗಳ ಅಂತರ ಮಾತ್ರ 1983ರಲ್ಲಿದ್ದಂತೆಯೇ ಇದೆ. ಮುಂಬದಿಯಲ್ಲಿ ಸಿ.ಡಿ. ಡ್ರೈವ್ ಕೂರುತ್ತಿದ್ದ ಗೂಡಿನ ಅಗಲವೂ ಹೀಗೆಯೇ 1976ರಲ್ಲಿ ಶುಗಾರ್ಟ್ ಸಂಸ್ಥೆ ತಯಾರಿಸಿದ ಐದೂಕಾಲು ಇಂಚಿನ ಫ್ಲಾಪಿ ಡ್ರೈವಿನಿಂದ ಬಂದ ಬಳುವಳಿ.

1984ರಲ್ಲಿ ಐಬಿಎಂನ ‘ಎಟಿ’ ಮಾದರಿ ಬಂದಿತು. ಅನ್ಯ ತಯಾರಕರು ಅದರ ಅಳತೆಗಳನ್ನೇ ಅನುಸರಿಸಿದ್ದರಿಂದ ಒಬ್ಬರು ಮಾಡಿದ ಪೆಟ್ಟಿಗೆಗೆ ಇನ್ನೊಬ್ಬರು ಮಾಡಿದ ಮದರ್‌ಬೋರ್ಡ್ ಹೊಂದಿಕೊಳ್ಳತೊಡಗಿತು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ಗಣಕಗಳ ಬಗೆಗಿನ ಹೊಸ ನೀತಿಯನ್ನು ಪ್ರಕಟಿಸಿ ಆಮದಿನ ಕಟ್ಟುಗಳನ್ನು ಸಡಿಲಿಸಿತು. 1997ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಭಾರತವು ಸೇರಿತು. ಹಂತಹಂತವಾಗಿ ಬಿಡಿಭಾಗಗಳ ಸುಂಕ ಇಳಿಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಜೋಡಿಸಿದ ‘ಅಸೆಂಬಲ್ಡ್’ ಗಣಕಗಳು ಹುಬ್ಬಳ್ಳಿಯ ದಾರಿಯಾಗಿ ಅರಬೈಲ್ ಘಟ್ಟವನ್ನಿಳಿದು ನಮ್ಮ ಊರುಗಳಿಗೂ ಬಂದವು. ಡಿ.ಟಿ.ಪಿ. ಅಂಗಡಿಗಳಲ್ಲಿ, ತರಬೇತಿ ಕೇಂದ್ರಗಳಲ್ಲಿ, ಕ್ರಮೇಣ ಮನೆಗಳಲ್ಲಿ ಆ ಕೆನೆಬಣ್ಣದ ಪೆಟ್ಟಿಗೆಗಳು ನೆಲೆಯೂರಿದ್ದನ್ನು ನೀವೆಲ್ಲರೂ ಕಂಡಿದ್ದೀರಿ.

ಆದರೆ ಎಟಿ ಪೆಟ್ಟಿಗೆಯಲ್ಲಿ ದೋಷಗಳಿದ್ದವು. ಮುಂಬದಿಯ ಗುಂಡಿಯವರೆಗೂ ಮನೆಯ 230 ವೋಲ್ಟ್ ವಿದ್ಯುತ್ತೇ ತಂತಿಯ ಮೂಲಕ ಹರಿದುಬರುತ್ತಿತ್ತು. ಮದರ್‌ಬೋರ್ಡಿಗೆ ವಿದ್ಯುತ್ ನೀಡುವ ಕನೆಕ್ಟರುಗಳು ಎರಡು. ಅವನ್ನು ಅದಲುಬದಲಾಗಿ ಚುಚ್ಚಿದರೆ ಬೋರ್ಡು ಸುಟ್ಟುಹೋಗುವ ಭಯ. ಕಪ್ಪು ತಂತಿಗಳೆಲ್ಲ ನಡುವೆ ಬರಬೇಕೆಂಬುದು ಆ ಕಾಲದ ರಿಪೇರಿಯವರ ಮೂಲಮಂತ್ರವಾಗಿತ್ತು. ವಿಂಡೋಸ್ 95 ತನ್ನ ಕೆಲಸ ಮುಗಿಸಿ, ‘ಈಗ ಗಣಕವನ್ನು ಆರಿಸಬಹುದು’ ಎಂದು ಪರದೆಯ ಮೇಲೆ ಬರೆದು ಕಾಯುತ್ತಿದ್ದುದು ನೆನಪಿರಬಹುದು. ಎಟಿ ಪೆಟ್ಟಿಗೆಯಲ್ಲಿ ಯಂತ್ರಕ್ಕೆ ತನ್ನನ್ನು ತಾನೇ ಆರಿಸಿಕೊಳ್ಳುವ ಉಪಾಯವಿರಲಿಲ್ಲವಾದ್ದರಿಂದ ಆ ವಿನಂತಿ.

ಈ ದೋಷಗಳ ನಿವಾರಣೆಗಾಗಿ ಇಂಟೆಲ್ ಸಂಸ್ಥೆಯು 1995ರಲ್ಲಿ ‘ಎಟಿಎಕ್ಸ್’ ಎಂಬ ನೂತನ ಮಾನಕವನ್ನು ಪ್ರಕಟಿಸಿತು. ಮದರ್‌ಬೋರ್ಡಿನ ಅಳತೆ 305 × 244 ಮಿಲಿಮೀಟರ್. ತಿರುಪಿನ ರಂಧ್ರಗಳು ಇಂತಿಂಥ ಸ್ಥಾನದಲ್ಲಿಯೇ ಇರಬೇಕು. ಹಿಂಬದಿಯ ಕಿಂಡಿ 158.75 × 44.45 ಮಿಲಿಮೀಟರ್. ಕಿಂಡಿಗೆ ಮುಚ್ಚುವ ತಗಡು ಮಾತ್ರ ಬೋರ್ಡಿನ ಜೊತೆಗೆ ಬರುವುದರಿಂದ, ಬೋರ್ಡು ಬದಲಾದರೆ ತಗಡನ್ನು ಬದಲಿಸಿದರಾಯಿತು, ಪೆಟ್ಟಿಗೆಯನ್ನಲ್ಲ. ಮುಂಬದಿಯ ಗುಂಡಿ ಇನ್ನು ಬೋರ್ಡಿಗೆ ಸಂಜ್ಞೆಯನ್ನಷ್ಟೇ ಕೊಡುತ್ತದೆ. 1997ರ ಮೈಕ್ರೋ ಎಟಿಎಕ್ಸ್ ಮತ್ತು 2001ರಲ್ಲಿ ವಿಯಾ ಸಂಸ್ಥೆ ರೂಪಿಸಿದ, 170 ಮಿಲಿಮೀಟರ್ ಚೌಕದ ಮಿನಿ ಐಟಿಎಕ್ಸ್ ಬೋರ್ಡುಗಳು ಗಾತ್ರದಲ್ಲಿ ಕಿರಿದಾದರೂ ಎಟಿಎಕ್ಸ್ ರಂಧ್ರಗಳಲ್ಲಿಯೇ ಕೂರುತ್ತವೆ. ಹೀಗೆ ಮಾನಕಕ್ಕೆ ಅನುಗುಣವಾಗಿ 1990ರ ದಶಕದ ಕೊನೆಗೆ ತಯಾರಾದ ಪೆಟ್ಟಿಗೆಯೊಂದು ಇಂದಿನ ಬೋರ್ಡನ್ನು ಸ್ವೀಕರಿಸಬಲ್ಲದು.

ಒಪ್ಪಂದವೊಂದು ಎಲ್ಲರದಾದ ಮೇಲೆ ಅದನ್ನು ರೂಪಿಸಿದವರಿಂದಲೂ ಕದಲಿಸುವುದು ಸುಲಭವಲ್ಲ. ಪೆಂಟಿಯಂ 4ರ ಶಾಖವನ್ನು ಹತೋಟಿಗೆ ತರಲು ಸ್ವತಃ ಇಂಟೆಲ್ ಸಂಸ್ಥೆಯೇ 2004ರಲ್ಲಿ ‘ಬಿಟಿಎಕ್ಸ್’ ಎಂಬ ಬೇರೆ ವಿನ್ಯಾಸವನ್ನು ಮಾರುಕಟ್ಟೆಗೆ ತಂದಿತು. ಅದು ನೆಲೆಯೂರಲಿಲ್ಲ, 2006ರಲ್ಲಿ ಸಂಸ್ಥೆಯೇ ಅದನ್ನು ಮುಂದುವರಿಸದಿರಲು ನಿರ್ಧರಿಸಿತು. ನಮ್ಮ ದೇಶವು 1956ರ ಕಾಯಿದೆಯ ಮೂಲಕ ಮೆಟ್ರಿಕ್ ಪದ್ಧತಿಯನ್ನು ಒಪ್ಪಿಕೊಂಡಿತೆಂದು ತರಗತಿಯಲ್ಲಿ ನೀವು ಓದಿದ್ದೀರಿ. ಆದರೂ ಮದರ್‌ಬೋರ್ಡನ್ನು ಬಿಗಿಯುವ ತಿರುಪು ಸಾಮಾನ್ಯವಾಗಿ ಇಂಚಿಗೆ 32 ಸುತ್ತುಗಳಿರುವ ಅಮೆರಿಕದ ತಿರುಪೇ ಆಗಿದೆ. ಡ್ರೈವುಗಳಿಗೆ ಬಳಸುವ 3 ಮಿಲಿಮೀಟರಿನ ಮೆಟ್ರಿಕ್ ತಿರುಪನ್ನು ಅಲ್ಲಿ ತುರುಕಿದರೆ ಬಿಗಿಯೂ ನಿಲ್ಲದು.

ಇತ್ತೀಚೆಗೆ ಅಂಕೋಲೆಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ತನ್ನ ತಂದೆ 2000ದ ಸುಮಾರಿಗೆ ಕೊಡಿಸಿದ್ದ ಪೆಂಟಿಯಂ ಗಣಕದ ಪೆಟ್ಟಿಗೆಯಲ್ಲಿ ಮಗಳ ಓದಿಗಾಗಿ ಹೊಸ ಯಂತ್ರವನ್ನು ಕೂಡಿಸಿದ. ಅವನ ಕೆಲಸವನ್ನು ಹತ್ತಿರದಿಂದ ನೋಡಿದ್ದರಿಂದ ಕೆಲವು ಮಾತುಗಳನ್ನು ಹೇಳಬಲ್ಲೆ. ಮೊದಲು ಅವನು ಹಳೆಯ ಎಸ್‌ಎಂಪಿಎಸ್ ಅನ್ನು ತೆಗೆದು ಬದಿಗಿಟ್ಟ. ಪೆಟ್ಟಿಗೆ ಉಳಿಯಬಹುದು, ಎಸ್‌ಎಂಪಿಎಸ್ ಉಳಿಯಬಾರದು. ಆ ಕಾಲದವು ತಮ್ಮ ಶಕ್ತಿಯ ಬಹುಭಾಗವನ್ನು 3.3 ಮತ್ತು 5 ವೋಲ್ಟಿನಲ್ಲಿ ಕೊಡುತ್ತಿದ್ದವು. ಇಂದಿನ ಬೋರ್ಡುಗಳು ಬೇಡುವುದು 12 ವೋಲ್ಟನ್ನು. ಅಂದಿನ ಕನೆಕ್ಟರಿನಲ್ಲಿ 20 ಪಿನ್ನು, ಇಂದಿನದರಲ್ಲಿ 24. ಅದನ್ನು ಬಿಚ್ಚಿ ರಿಪೇರಿಗೆ ಕೈಹಾಕುವುದೂ ಸಲ್ಲದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ಅಪಾಯಕರ ವಿದ್ಯುತ್ ಉಳಿದಿರುತ್ತದೆ.

ಅನಂತರ ಹೊಸ ಬೋರ್ಡಿನ ರಂಧ್ರಗಳಿಗೆ ಹೊಂದದ ಹಿತ್ತಾಳೆಯ ಕಂಬಗಳನ್ನು ಬಿಚ್ಚಿ ತೆಗೆದ. ಅವು ಉಳಿದರೆ ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತದೆ. ಹಳೆಯ ಪೆಟ್ಟಿಗೆಯಲ್ಲಿ ಗಾಳಿಯಾಡಲು ಇದ್ದುದು 80 ಮಿಲಿಮೀಟರಿನ ಒಂದು ಫ್ಯಾನಿನ ಜಾಗ ಮಾತ್ರ. ಹಾಗಾಗಿ ಪಕ್ಕದ ಬಾಗಿಲನ್ನು ವೆಲ್ಡಿಂಗ್ ಅಂಗಡಿಗೆ ಒಯ್ದು, 120 ಮಿಲಿಮೀಟರಿನ ಫ್ಯಾನಿಗೆ ತಕ್ಕ ವೃತ್ತವನ್ನು ಕೊರೆಸಿ, ಅಂಚುಗಳನ್ನು ಅರದಿಂದ ಉಜ್ಜಿದ. ಕೊರೆಯುವಾಗ ಯಂತ್ರದ ಒಂದು ಭಾಗವೂ ಪೆಟ್ಟಿಗೆಯಲ್ಲಿರಲಿಲ್ಲ. ಲೋಹದ ಒಂದು ಚೂರು ಸಾಕು, ಬೋರ್ಡನ್ನು ಕೊಲ್ಲಲು. ಫ್ಲಾಪಿಯ ಗೂಡಿನಲ್ಲಿ ಸಣ್ಣ ತಗಡಿನ ಮೇಲೆ ಎಸ್‌ಎಸ್‌ಡಿ ಕುಳಿತಿತು. ಮುಂಬದಿಯ ಹಳೆಯ ಗುಂಡಿಯ ಎರಡು ತಂತಿಗಳು ಹೊಸ ಬೋರ್ಡಿನ ಎರಡು ಪಿನ್ನುಗಳಿಗೆ ಯಾವ ಮಾರ್ಪಾಡೂ ಇಲ್ಲದೆ ಹೊಂದಿದವು.

ಕರಾವಳಿಯಲ್ಲಿ ಇನ್ನೊಂದು ಶತ್ರುವಿದೆ: ಉಪ್ಪು. 1930ರ ಏಪ್ರಿಲ್ 13ರಂದು ಅಂಕೋಲೆಯ ಜನ ಯಾವ ಉಪ್ಪಿಗಾಗಿ ಸತ್ಯಾಗ್ರಹ ಹೂಡಿದರೋ ಅದೇ ಉಪ್ಪು, ಕಡಲ ಗಾಳಿಯಲ್ಲಿ ಬೆರೆತು ಬಂದು ಮಳೆಗಾಲದ ತೇವದೊಡನೆ ಕೂಡಿ ತಗಡನ್ನು ಸದ್ದಿಲ್ಲದೆ ತಿನ್ನುತ್ತದೆ. ಕೊರೆದ ಅಂಚಿನಲ್ಲಿ ಬಣ್ಣವಾಗಲಿ ಸತುವಿನ ಲೇಪವಾಗಲಿ ಇರುವುದಿಲ್ಲವಾದ್ದರಿಂದ ತುಕ್ಕು ಅಲ್ಲಿಂದಲೇ ಆರಂಭ. ಉಪ್ಪುಕಾಗದದಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಮೇಲೆ ಬಣ್ಣ ಹಚ್ಚಬೇಕು. ಆದರೆ ಎಸ್‌ಎಂಪಿಎಸ್ ಮತ್ತು ಬೋರ್ಡಿನ ತಿರುಪುಗಳು ತಾಗುವೆಡೆ ಬಣ್ಣ ಬೀಳಬಾರದು. ಅರ್ತಿಂಗ್ ಸಂಪರ್ಕ ಆ ಬರಿಯ ಲೋಹದ ಮೂಲಕವೇ ಆಗಬೇಕು.

1995ಕ್ಕಿಂತ ಹಿಂದಿನ ಎಟಿ ಪೆಟ್ಟಿಗೆಯಾದರೆ ಮಾತು ಬೇರೆ. ಅದರ ಹಿಂಬದಿಯಲ್ಲಿ ಕೀಲಿಮಣೆಗೆಂದು ಒಂದು ದುಂಡು ತೂತು ಮಾತ್ರ ಇರುತ್ತದೆ. ಉಳಿದುದೆಲ್ಲವನ್ನೂ ಕತ್ತರಿಸಿ ಮಾಡಬೇಕು. 230 ವೋಲ್ಟಿನ ಆ ಹಳೆಯ ಗುಂಡಿಯನ್ನಂತೂ ಹೊಸ ಬೋರ್ಡಿಗೆ ಎಂದೂ ಜೋಡಿಸಕೂಡದು. ತಮ್ಮದೇ ಅಳತೆಯಲ್ಲಿ ತಯಾರಿಸಿದ ಕೆಲವು ದೊಡ್ಡ ಕಂಪನಿಗಳ ಪೆಟ್ಟಿಗೆಗಳೂ ಹೀಗೆಯೇ, ಅನ್ಯರನ್ನು ಒಳಗೆ ಸೇರಿಸಿಕೊಳ್ಳುವುದಿಲ್ಲ. ತಗಡು ಎಷ್ಟೇ ಗಟ್ಟಿಯಾಗಿರಲಿ, ಪೆಟ್ಟಿಗೆಯನ್ನು ಉಳಿಸುವುದು ಎಲ್ಲರೂ ಬಲ್ಲ ಆ ಅಳತೆ.

ವಿದೇಶಗಳಲ್ಲಿ ಹಳೆಯ ಕೆನೆಬಣ್ಣದ ಪೆಟ್ಟಿಗೆಯಲ್ಲಿ ಪ್ರಬಲ ಯಂತ್ರವನ್ನಡಗಿಸುವುದು ಒಂದು ಹವ್ಯಾಸವೇ ಆಗಿದೆ. ಅದಕ್ಕೆ ‘ಸ್ಲೀಪರ್’ ಎನ್ನುತ್ತಾರೆ. ತೈವಾನಿನ ಸಿಲ್ವರ್‌ಸ್ಟೋನ್ ಸಂಸ್ಥೆಯು 2023ರಲ್ಲಿ ಏಪ್ರಿಲ್ ಒಂದರ ತಮಾಷೆಗೆಂದು ಅಂತಹ ಪೆಟ್ಟಿಗೆಯ ಚಿತ್ರವನ್ನು ಪ್ರಕಟಿಸಿ, ಜನರ ಉತ್ಸಾಹವನ್ನು ಕಂಡು ಮುಂದೆ ಅದನ್ನು ನಿಜವಾಗಿಯೇ ತಯಾರಿಸಿತು. ಕಾರವಾರದವರಿಗೆ ಈ ಬಗೆಯ ಕಾಯಪ್ರವೇಶ ಹೊಸದೇನಲ್ಲ. 2005ರಲ್ಲಿ ನೌಕಾಪಡೆಯಿಂದ ನಿವೃತ್ತವಾದ ಐಎನ್‌ಎಸ್ ಚಾಪೆಲ್ ನಮ್ಮ ಕಡಲತೀರದಲ್ಲಿ ಹೊರಮೈಯನ್ನು ಹಾಗೆಯೇ ಉಳಿಸಿಕೊಂಡು ವಸ್ತುಸಂಗ್ರಹಾಲಯವಾಗಲಿಲ್ಲವೇ?

ಇದರಿಂದ ಹಣದ ಉಳಿತಾಯ ದೊಡ್ಡದೇನಲ್ಲ; ಸಾಧಾರಣ ಕ್ಯಾಬಿನೆಟ್ಟಿನ ಬೆಲೆ ಗಣಕದ ಒಟ್ಟು ವೆಚ್ಚದಲ್ಲಿ ಅಲ್ಪಭಾಗ. ಲಾಭವಿರುವುದು ಬೇರೆಡೆ. ಅಂಕೋಲೆಯ ಆ ಹುಡುಗಿ ತಂದೆಯ ಪಕ್ಕದಲ್ಲಿ ಕುಳಿತು ಯಾವುದು ಸಿಪಿಯು, ಯಾವುದು ಪೆಟ್ಟಿಗೆ ಎಂಬುದನ್ನು ಕೈಯಾರೆ ಮುಟ್ಟಿ ತಿಳಿದಳು. ಅಜ್ಜ ಕೊಡಿಸಿದ ವಸ್ತುವಿನಲ್ಲಿ ಯಾವುದು ಉಳಿಯತಕ್ಕದ್ದು, ಯಾವುದು ಹೋಗತಕ್ಕದ್ದು ಎಂಬ ವಿವೇಚನೆ ಅವಳಿಗೆ ದೊರೆಯಿತು. ಹೋಗತಕ್ಕದ್ದಕ್ಕೂ ಒಂದು ದಾರಿಯಿದೆ. ಇ-ತ್ಯಾಜ್ಯದ ನಿಯಮಗಳು 2012ರಿಂದಲೇ ದೇಶದಲ್ಲಿ ಜಾರಿಗೆ ಬಂದಿವೆ. ಹಳೆಯ ಬೋರ್ಡುಗಳನ್ನು ಸುಡದೆ, ಕಾಳಿಯ ದಂಡೆಗೋ ಗಂಗಾವಳಿಯ ದಂಡೆಗೋ ಎಸೆಯದೆ, ಅಧಿಕೃತ ಸಂಗ್ರಾಹಕರಿಗೇ ಒಪ್ಪಿಸಿರಿ.

ನಿಮ್ಮ ಮನೆಯ ಅಟ್ಟದಲ್ಲಿಯೂ ಇಂತಹದೊಂದು ಪೆಟ್ಟಿಗೆಯಿದ್ದರೆ, ಗುಜರಿಯವನನ್ನು ಕೂಗುವ ಮೊದಲು ಶಾಲೆಯ ಅಳತೆಪಟ್ಟಿಯನ್ನು ಹಿಡಿದು ಹಿಂಬದಿಯ ಕಿಂಡಿಯನ್ನೊಮ್ಮೆ ಅಳೆಯಿರಿ. ಉದ್ದ ಹದಿನಾರು ಸೆಂಟಿಮೀಟರಿಗೆ ತುಸು ಕಡಿಮೆ, ಅಗಲ ನಾಲ್ಕೂವರೆಯ ಸಮೀಪ ಬಂದರೆ ಆ ಪೆಟ್ಟಿಗೆಗೆ ಇನ್ನೂ ಆಯುಷ್ಯವಿದೆಯೆಂದು ತಿಳಿಯಿರಿ.