ನೀವಾರದ ಋಣ

ಸಂಸ್ಕೃತ ಕಾವ್ಯಗಳ ಪರಿಚಯವಿದ್ದವರಿಗೆ ನೀವಾರ ಹೊಸದಲ್ಲ. ಉಳದೆ, ಬಿತ್ತದೆ ತಾನಾಗಿ ಬೆಳೆಯುವ ಈ ಕಾಡು ಭತ್ತ ಆಶ್ರಮವಾಸಿಗಳ ಆಹಾರವಾಗಿತ್ತು. ಕಾಳಿದಾಸನ ಶಾಕುಂತಲದಲ್ಲೂ ಅದರ ಪ್ರಸ್ತಾಪವಿದೆ. ಆದರೆ ಹಣ್ಣಾಗುತ್ತಲೇ ಕಾಳು ಉದುರಿಹೋಗುವುದರಿಂದ ರೈತನ ಪಾಲಿಗೆ ಅದು ಬರೀ ಕಳೆ. ಈ ಕಳೆಗೆ ನಾವೆಷ್ಟು ಋಣಿಗಳೆಂಬುದು ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ.

ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ 1966ರಲ್ಲಿ ಐಆರ್ 8 ಎಂಬ ಗಿಡ್ಡ ತಳಿಯನ್ನು ಹೊರತಂದಿತು. ಇಳುವರಿ ಹೆಚ್ಚಿತು, ಏಷ್ಯಾದ ಗದ್ದೆಗಳಲ್ಲಿ ಊರೂರಿಗೂ ಬೇರೆಬೇರೆಯಾಗಿದ್ದ ನಾಡತಳಿಗಳು ಹಿಂದೆ ಸರಿದವು. ಅದರ ಹಿಂದೆಯೇ ಕಂದು ಜಿಗಿಹುಳುವಿನ ಹಾವಳಿ ಬಂತು. ಈ ಹುಳು ರಸ ಹೀರುವುದಷ್ಟೇ ಅಲ್ಲ, ಒಂದು ವೈರಸ್ಸನ್ನೂ ಹೊತ್ತು ತರುತ್ತದೆ. ಅದು ತಗುಲಿದ ಪೈರು ಕುಳ್ಳಾಗಿ, ಹುಲ್ಲಿನಂತೆ ತೆಂಡೆಯೊಡೆಯುತ್ತದೆ. ಕಾಳು ಕಟ್ಟುವುದು ಅಪರೂಪ.

ಸಂಸ್ಥೆಯ ವಿಜ್ಞಾನಿಗಳು 6,000ಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿದರು. ರೋಗವನ್ನು ತಡೆದುಕೊಂಡದ್ದು ಒಂದೇ ಒಂದು: ನಮ್ಮ ಉತ್ತರ ಪ್ರದೇಶದಿಂದ 1963ರಲ್ಲಿ ಸಂಗ್ರಹಿಸಿದ ಕಾಡು ಭತ್ತ. ಅದರಲ್ಲಿಯೂ ಕೆಲವೇ ಗಿಡಗಳು. 1965ರಲ್ಲಿ ಶರ್ಮ ಮತ್ತು ಶಾಸ್ತ್ರಿ ಎಂಬ ವಿಜ್ಞಾನಿಗಳು ಈ ಪ್ರಭೇದಕ್ಕೆ ಹಳೆಯ ಹೆಸರನ್ನೇ ಉಳಿಸಿ 'ಒರೈಜ಼ ನಿವಾರ' ಎಂದು ಕರೆದಿದ್ದರು.

ರೋಗ ತಡೆಯುವ ಆ ಗುಣದ ಹಿಂದೆ ಇದ್ದದ್ದು ಒಂದು ಪ್ರಬಲ ಜೀನ್. ತಂದೆತಾಯಿಗಳಲ್ಲಿ ಒಂದರಿಂದ ಬಂದರೂ ಅದು ಸಂತಾನದಲ್ಲಿ ಪ್ರಕಟವಾಗುತ್ತದೆ. ಹೀಗಾಗಿ ಅದನ್ನು ಗುರುತಿಸುತ್ತ ಹೋಗುವುದು ಸುಲಭವಾಯಿತು. ಪಂಜಾಬಿನಲ್ಲಿ ಹುಟ್ಟಿದ ಗುರುದೇವ್ ಸಿಂಗ್ ಖುಷ್ ಅವರ ತಂಡ ನೀವಾರವನ್ನು ಸುಧಾರಿತ ಭತ್ತದ ತಳಿಗಳೊಂದಿಗೆ ಕೂಡಿಸಿ, ಸಂತಾನವನ್ನು ಮತ್ತೆ ಮತ್ತೆ ಅಂಥ ತಳಿಗಳೊಂದಿಗೇ ಸಂಕರಿಸಿತು. ಕಾಳುದುರುವ ಕಾಡುಗುಣ ಹೋಯಿತು. ಬೇಕಾದ ಜೀನ್ ಉಳಿಯಿತು. 1976ರಲ್ಲಿ ಬಂದ ಐಆರ್ 36 ಈ ಜೀನನ್ನು ಹೊತ್ತಿತ್ತು. 1980ರ ದಶಕದಲ್ಲಿ ಅದು ಸುಮಾರು 1 ಕೋಟಿ 10 ಲಕ್ಷ ಹೆಕ್ಟೇರುಗಳಲ್ಲಿ ಬೆಳೆಯಿತು.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಅದೇ ದಶಕದಲ್ಲಿ ಫಿಲಿಪೀನ್ಸಿನಲ್ಲಿ ಈ ವೈರಸ್ಸಿನ ಇನ್ನೊಂದು ಬಗೆ ಕಾಣಿಸಿಕೊಂಡಿತು. ಅದರೆದುರು ನೀವಾರದ ಜೀನ್ ನಿಲ್ಲಲಿಲ್ಲ. ರೋಗ ಬದಲಾಗುತ್ತಲೇ ಇರುತ್ತದೆ, ಹುಡುಕಾಟವೂ ನಿಲ್ಲುವಂತಿಲ್ಲ. ಹುಡುಕಲು ಹೋದಾಗ ಕೆರೆಯಂಚಿನ ಕಾಡು ಭತ್ತವೂ ಅಜ್ಜಂದಿರ ತಳಿಗಳೂ ಉಳಿದಿರಬೇಕಲ್ಲವೆ? ನಗರದಲ್ಲಿ ಅಕ್ಕಿಯನ್ನು ಅಂಗಡಿಯಿಂದ ತರುವ ನಾವು, ಊರಿನ ಗದ್ದೆಯಲ್ಲಿ ಯಾವ ಹಳೆಯ ಭತ್ತ ಇನ್ನೂ ಬೆಳೆಯುತ್ತಿದೆ ಎಂದು ಊರಿಗೆ ಹೋದಾಗಲಾದರೂ ವಿಚಾರಿಸೋಣ.