ಎಣಿಸಲು ಕಲಿತ ಅಂಚೆ

1975ರ ನವೆಂಬರಿನಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜಾನ್ ಪೋಸ್ಟೆಲ್ ಒಂದು ಪುಟ್ಟ ಟಿಪ್ಪಣಿ ಬರೆದರು. ಇಂಟರ್ನೆಟ್ಟಿನ ತಾಯಿಬೇರಾದ ಅರ್ಪಾನೆಟ್ ಆಗಿನ್ನೂ ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳ ಚಿಕ್ಕ ಜಾಲ. ಪೋಸ್ಟೆಲ್ ಅವರ ತಕರಾರು ಇಷ್ಟೇ: ಜಾಲದ ಯಾವುದೋ ಕಂಪ್ಯೂಟರ್ ಕೆಟ್ಟು ಬೇಡದ ಸಂದೇಶಗಳನ್ನು ಸುರಿಯತೊಡಗಿದರೆ, ‘ನಿನ್ನದು ಸಾಕು’ ಎನ್ನಲು ಇನ್ನೊಂದು ಕಂಪ್ಯೂಟರಿಗೆ ದಾರಿಯೇ ಇಲ್ಲ. ಈ ತಕರಾರಿಗೆ ಸರ್ವರುಗಳು ಕಂಡುಕೊಂಡ ಉತ್ತರಗಳಲ್ಲಿ ಅತಿ ಸರಳವಾದದ್ದು ಎಣಿಕೆ. ಅಲ್ಲಿಗೆ ತಲುಪಲು ಸುಮಾರು 30 ವರ್ಷ ಬೇಕಾಯಿತು.

1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ಗ್ಯಾರಿ ಥ್ಯುರ್ಕ್ ಎಂಬವರು ತಮ್ಮ ಕಂಪನಿಯ ಕಂಪ್ಯೂಟರುಗಳ ಜಾಹೀರಾತನ್ನು ಸುಮಾರು 400 ಜನರಿಗೆ ಕಳುಹಿಸಿದರು. ಜಾಲ ಚಿಕ್ಕದಾಗಿದ್ದರಿಂದ ಗದರಿಸಿದರೆ ಸಾಕಾಯಿತು. 1982ರಲ್ಲಿ ಪೋಸ್ಟೆಲ್ ಅವರೇ ಇಮೇಲ್ ಸಾಗಣೆಯ ನಿಯಮಾವಳಿಯಾದ ಎಸ್‌ಎಂಟಿಪಿಯನ್ನು ಬರೆದಾಗಲೂ, ಒಬ್ಬರು ನಿಮಿಷಕ್ಕೆ ಎಷ್ಟು ಪತ್ರ ಕಳುಹಿಸಬಹುದು ಎಂಬ ಮಾತು ಅದರಲ್ಲಿ ಬರಲಿಲ್ಲ. ಯಾರು ಪತ್ರ ತಂದರೂ ಪಡೆದು ಮುಂದಕ್ಕೆ ದಾಟಿಸುವುದು ಆ ಕಾಲದ ಸರ್ವರುಗಳ ಸೌಜನ್ಯವಾಗಿತ್ತು.

1990ರ ದಶಕದಲ್ಲಿ ಜಾಹೀರಾತುದಾರರು ಆ ಸೌಜನ್ಯವನ್ನೇ ಬಂಡವಾಳ ಮಾಡಿಕೊಂಡರು. ಅಪರಿಚಿತರ ಸರ್ವರಿಗೆ ಒಂದು ಪತ್ರ, ಜೊತೆಗೆ ಉದ್ದನೆಯ ವಿಳಾಸಪಟ್ಟಿ ಕೊಟ್ಟರಾಯಿತು. ಹೊರೆಯೆಲ್ಲ ಆ ಸರ್ವರಿನದು. 1998ರಲ್ಲಿ, ಆಗ ಬಹಳ ಬಳಕೆಯಲ್ಲಿದ್ದ ಸೆಂಡ್‌ಮೇಲ್ ತಂತ್ರಾಂಶ ತನ್ನ 8.9ನೇ ಆವೃತ್ತಿಯಿಂದ ಹೊರಗಿನವರ ಪತ್ರ ದಾಟಿಸುವುದನ್ನು ತಾನಾಗಿಯೇ ನಿರಾಕರಿಸತೊಡಗಿತು. ‘ನೀನು ನಮ್ಮವನೇ?’ ಎಂದು ಕೇಳುವುದು ವಾಡಿಕೆಯಾಯಿತು.

ಆ ಪ್ರಶ್ನೆಯೂ ಸಾಲದು ಎಂಬುದು 2000ದ ಮೇ ತಿಂಗಳಲ್ಲಿ ಗೊತ್ತಾಯಿತು. ‘ಐ ಲವ್ ಯೂ’ ಎಂಬ ಹುಳು ಔಟ್‌ಲುಕ್‌ನ ವಿಳಾಸಪುಸ್ತಕದಲ್ಲಿದ್ದ ಎಲ್ಲರಿಗೂ ತನ್ನನ್ನೇ ಕಳುಹಿಸಿಕೊಂಡಿತು. ಕಳುಹಿಸುತ್ತಿದ್ದವು ಮನೆಯವರ ಕಂಪ್ಯೂಟರುಗಳೇ, ಹೆಸರೂ ಅವರದೇ. ಯಾರೆಂದು ಕೇಳಿ ಪ್ರಯೋಜನವಿರಲಿಲ್ಲ. ಉಳಿದ ಗುರುತು ಒಂದೇ: ಮನುಷ್ಯರು ಯಾರೂ ಅಷ್ಟು ವೇಗವಾಗಿ ಪತ್ರ ಬರೆಯುವುದಿಲ್ಲ.

ಐಬಿಎಂನಲ್ಲಿದ್ದಾಗ ವಿಯೆಟ್ಸೆ ವೆನೆಮಾ ರೂಪಿಸಿದ ಪೋಸ್ಟ್‌ಫಿಕ್ಸ್ ಸರ್ವರಿನ 2005ರ 2.2ನೇ ಆವೃತ್ತಿಯಲ್ಲಿ ಇದಕ್ಕೆಂದೇ ಒಬ್ಬ ಲೆಕ್ಕಿಗ ಇದ್ದ. ಪ್ರತಿ ಐಪಿ ವಿಳಾಸದಿಂದ 60 ಸೆಕೆಂಡಿಗೆ ಎಷ್ಟು ಪತ್ರ ಬಂತೆಂದು ಎಣಿಸುವುದು ಅವನ ಕೆಲಸ. ಮಿತಿ ಮೀರಿದರೆ ಸರ್ವರ್ 450 ಎಂಬ ಸಂಖ್ಯೆಯ ಉತ್ತರ ಕೊಡುತ್ತದೆ. ಅದರರ್ಥ ‘ಈಗ ಆಗದು, ಆಮೇಲೆ ಬಾ’. ನಿಯಮ ಪಾಲಿಸುವ ಸರ್ವರ್ ಪತ್ರವನ್ನು ಸಾಲಿನಲ್ಲಿಟ್ಟುಕೊಂಡು ಮತ್ತೆ ಬರುತ್ತದೆ. ಪತ್ರ ತಡವಾಗುತ್ತದೆ, ಕಳೆದುಹೋಗುವುದಿಲ್ಲ.

ಆದರೆ ಈ ಲೆಕ್ಕಿಗನಿಗೆ ಓದಲು ಬಾರದು. ಒಂದೇ ಐಪಿ ವಿಳಾಸದ ಹಿಂದೆ 200 ಜನರ ಕಚೇರಿಯಿದ್ದರೂ ಅವನಿಗೆ ಅದು ಒಬ್ಬನೇ ಗಿರಾಕಿ. ಹಾಗಾಗಿಯೇ ಪೋಸ್ಟ್‌ಫಿಕ್ಸ್‌ನ ಕೈಪಿಡಿ ಎಚ್ಚರಿಸುತ್ತದೆ: ಇದು ದುರ್ಬಳಕೆಯನ್ನು ತಡೆಯಲು ಮಾತ್ರ, ನ್ಯಾಯವಾದ ಅಂಚೆಯನ್ನು ಹತೋಟಿಯಲ್ಲಿಡಲು ಬಳಸಬಾರದು. ಸರ್ವರ್ ಬಂದಾಗ ಮಿತಿ ಸೊನ್ನೆಗೆ, ಅಂದರೆ ‘ಮಿತಿಯಿಲ್ಲ’ ಎಂಬುದಕ್ಕೆ ಇರುತ್ತದೆ. ಮಿತಿ ಹಾಕಿದರೂ, ಬೇರೆ ಹೇಳದ ಹೊರತು, ಸ್ವಂತ ಜಾಲದ ಕಂಪ್ಯೂಟರುಗಳಿಗೆ ಅದು ತಗಲುವುದಿಲ್ಲ. ಮನೆಯವರನ್ನೂ ಎಣಿಸಬೇಕೇ ಎಂಬುದು ನಿರ್ವಾಹಕರ ವಿವೇಚನೆಗೆ ಬಿಟ್ಟದ್ದು. ಎಣಿಸದಿದ್ದರೆ, ಒಂದು ಪಾಸ್‌ವರ್ಡ್ ಕಳುವಾದ ರಾತ್ರಿ ಸಾವಿರಾರು ಸ್ಪ್ಯಾಮ್ ಹೊರಟು, ಹೊರಗಿನ ಸರ್ವರುಗಳು ಆ ಕಚೇರಿಯ ವಿಳಾಸವನ್ನೇ ಕಪ್ಪುಪಟ್ಟಿಗೆ ಸೇರಿಸಬಹುದು. ಬೆಳಗ್ಗೆ ಬಂದ ಗುಮಾಸ್ತರು ಕಳುಹಿಸುವ ಬಿಲ್ಲೂ ಆಗ ಯಾರಿಗೂ ತಲುಪದು.

ಎಣಿಕೆಯ ಈ ಕುರುಡುತನವನ್ನು ನಮ್ಮ ನಗರಗಳು ಇಮೇಲಿನ ಹೊರಗೂ ಕಂಡಿವೆ. 2012ರ ಆಗಸ್ಟಿನಲ್ಲಿ ವದಂತಿಗಳಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು, ಪುಣೆ, ಚೆನ್ನೈ, ಹೈದರಾಬಾದುಗಳಿಂದ ರೈಲು ಹತ್ತಿದಾಗ, ಕೇಂದ್ರ ಸರ್ಕಾರ ಸಗಟು ಎಸ್‌ಎಂಎಸ್‌ಗೆ 15 ದಿನಗಳ ತಡೆ ಹಾಕಿ 5ರ ಮಿತಿ ವಿಧಿಸಿತು. ಕೆಲವೇ ದಿನಗಳಲ್ಲಿ ಅದನ್ನು 20ಕ್ಕೆ ಏರಿಸಿತು. ವದಂತಿಗೂ ‘ಹೆದರಬೇಡಿ, ಇಲ್ಲಿ ಎಲ್ಲ ಸರಿಯಿದೆ’ ಎಂಬ ಸಮಾಧಾನಕ್ಕೂ ಒಂದೇ ಅಳತೆ.

ಇಂದು ಜಿಮೇಲಿನ ಸಾಮಾನ್ಯ ಖಾತೆಯಿಂದ ದಿನಕ್ಕೆ ಸುಮಾರು 500 ಜನರಿಗಷ್ಟೇ ಪತ್ರ ಕಳುಹಿಸಬಹುದು. ಹೆಚ್ಚಿನವರಿಗೆ ಈ ಗೆರೆ ಇರುವುದೇ ಗೊತ್ತಿಲ್ಲ. ಮಿತಿ ಸರಿಯಾಗಿದೆ ಎನ್ನಲು ಅದೇ ಒಳ್ಳೆಯ ಪುರಾವೆ. ಮದುವೆಯ ಕರೆಯೋಲೆಯನ್ನು ಊರಿಗೆಲ್ಲ ಕಳುಹಿಸಲು ಕೂತವರಿಗೆ ಮಾತ್ರ ಅದು ಎದುರಾಗುತ್ತದೆ. ಅಂಥವರಿಗೆ ‘ನಾಳೆ ಬನ್ನಿ’ ಎಂದು ಹೇಳಬೇಕೇ ಹೊರತು ಬಾಗಿಲು ಹಾಕಬಾರದು.